ಹಪ್ಪಳವಿಲ್ಲದ ಪಾಠ

ದುವ್ವಾಡ ನಿಲ್ದಾಣದ ಹತ್ತಿರದ ಟೌನ್‌ಶಿಪ್‌ನಲ್ಲಿ ವಾಸಂತಿಯವರ ಇಂಗ್ಲಿಷ್ ಕ್ಲಾಸಿಗೆ ಬೋರ್ಡಿಲ್ಲ. ಸಂಜೆ ಅವರ ಮನೆಯಿಂದ ಹಪ್ಪಳ ಸುಡುವ ವಾಸನೆ ಬಂದರೆ ಅಂದು ‘ಬ್ರೇಕ್’ ಪಾಠ ಎಂದು ಅಕ್ಕಪಕ್ಕದವರಿಗೆಲ್ಲ ತಿಳಿಯುತ್ತದೆ.

ತಿಪಟೂರಿನಿಂದ ಮದುವೆಯಾಗಿ ಈ ತೆಲುಗು ಸೀಮೆಗೆ ಬಂದವರು ಅವರು. ಗಂಡ ಧನಂಜಯ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರು. ಪರವಾಡದ ಔಷಧ ಕಂಪನಿಗಳಲ್ಲಿ ಕೆಲಸ ಹುಡುಕುವ ಹುಡುಗಿಯರು ವರಾಂಡದ ಚಾಪೆಯ ಮೇಲೆ ಕೂರುತ್ತಾರೆ. ಮಧ್ಯದಲ್ಲೊಂದು ತಟ್ಟೆ. ವಾಸಂತಿ ಕಡ್ಡಿ ಮುರಿಯುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ, ಹೂವಿನ ದಾರ ಹರಿಯುತ್ತಾರೆ. “ನಮಗೆ ಒಂದೊಂದಕ್ಕೂ ಒಂದೊಂದು ಮಾತು. ಅವರಿಗೆ ಎಲ್ಲದಕ್ಕೂ ಬ್ರೇಕೇ,” ಎನ್ನುತ್ತಾರೆ. ಆಮೇಲೆ ಕೈಗೆ ಸಿಗದವು ಬರುತ್ತವೆ. ಕೊಟ್ಟ ಮಾತಿಗೆ ತಪ್ಪುವುದು, ಉಪವಾಸ ಬಿಡುವುದು, ಕೆಟ್ಟ ಸುದ್ದಿಯನ್ನು ಮೆಲ್ಲಗೆ ತಿಳಿಸುವುದು. ಕೊನೆಗೆ ಎಲ್ಲರೂ ಹಪ್ಪಳ ಮುರಿದು ತಿನ್ನಬೇಕು. ಯಾರಾದರೂ ತಪ್ಪು ವಾಕ್ಯ ಹೇಳಿದರೆ, ಅದು ಮುಗಿಯುವ ಮೊದಲೇ ವಾಸಂತಿ ತಿದ್ದಿರುತ್ತಾರೆ. ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಅವರಿಗೆ.

ಆ ಚಾಪೆಯ ಮೇಲೆ ಕಲಿತ ರಾಜ್ಯಲಕ್ಷ್ಮಿ ಈಗ ವಿಜಯವಾಡದಲ್ಲಿ ಸ್ವಂತ ಕ್ಲಾಸು ನಡೆಸುತ್ತಾಳೆ. ಅಲ್ಲಿ ಬೋರ್ಡಿದೆ, ಬೋರ್ಡಿನ ಮೇಲೆ ಅವಳ ನಗುವ ಫೋಟೊ ಇದೆ. ಫೋನಿನಲ್ಲಿ ಬರುವ ಅವಳ ಪಾಠಗಳನ್ನು ತಾನು ನೋಡುವುದೇ ಇಲ್ಲ ಎನ್ನುತ್ತಾರೆ ವಾಸಂತಿ. ಅವಳು ಯಾವ ದಿನ ಯಾವ ಸೀರೆ ಉಟ್ಟಿದ್ದಳೆಂದು ಮಾತ್ರ ಅವರಿಗೆ ಗೊತ್ತಿರುತ್ತದೆ.

ಹೀಗಿರುವಾಗ ಪಕ್ಕದ ಕ್ವಾರ್ಟರ್ಸಿನ ನಾರಾಯಣಸ್ವಾಮಿ ಬಂದರು. ಅವರ ಮಗಳು ಬಿಂದುಶ್ರೀ, ವಾಸಂತಿಯ ಕ್ಲಾಸಿನಲ್ಲಿದ್ದ ಒಬ್ಬಳೇ ಕನ್ನಡದ ಹುಡುಗಿ, ಕೇಳಿದ್ದಕ್ಕೆಲ್ಲ ತಲೆಯಾಡಿಸುವವಳು.

“ಅಕ್ಕಾ, ಹಾಸ್ಟೆಲ್ಲಲ್ಲಿದ್ಕೊಂಡು ವಿಜಯವಾಡದ ಕ್ಲಾಸಿಗೇ ಹೋಗ್ತೀನಿ ಅಂತ ಹಟ ಹಿಡಿದವಳೆ. ನೀವೊಂದ್ಸಲ ಜೊತೇಲಿ ಹೋಗಿ ನೋಡ್ಕೊಂಡು ಬನ್ನಿ. ನೀವು ಬೇಡ ಅಂದ್ರೆ ಬೇಡ.”

ಬೇಡ ಎನ್ನಲು ವಾಸಂತಿ ರೈಲು ಹತ್ತಬೇಕಾಗಿರಲಿಲ್ಲ. ಆದರೆ ಅದಕ್ಕೊಂದು ಕಾರಣ ಕೈಯಲ್ಲಿದ್ದರೆ ಒಳ್ಳೆಯದೆನಿಸಿತು.

“ನನ್ನ ಪಾಠಾನೇ ಎತ್ಕೊಂಡು ಹೋಗಿ ಅಲ್ಲಿ ಮಾರ್ತಿರ್ತಾಳೆ, ನೋಡ್ತಿರು,” ಎಂದರು ರೈಲಿನಲ್ಲಿ. “ತಟ್ಟೆ, ಕಡ್ಡಿ, ಹಪ್ಪಳ, ಎಲ್ಲಾ ಇರುತ್ತೆ.”

“ಹಪ್ಪಳ ಇದ್ರೆ ಒಳ್ಳೇದೇ ಕದಾ ಆಂಟಿ,” ಎಂದಳು ಬಿಂದುಶ್ರೀ, ತೆಲುಗು ಬೆರೆಸಿ. “ಟಿಫಿನ್ ಆಗ್ಲಿಲ್ಲ.”

ವಿಜಯವಾಡದಲ್ಲಿ ರಾಜ್ಯಲಕ್ಷ್ಮಿ ಕ್ಲಾಸಿನ ಮೆಟ್ಟಿಲಿಳಿದು ಓಡಿಬಂದು ವಾಸಂತಿಯ ಕಾಲು ಮುಟ್ಟಿದಳು. “ಮೇಡಂ ಗಾರೂ! ಕೂರ್ಚೋಂಡಿ, ಕೂರ್ಚೋಂಡಿ.” ಮುಂದಿನ ಕುರ್ಚಿ ತೋರಿಸಿದರೂ ವಾಸಂತಿ ಹಿಂದಿನ ಬೆಂಚಿಗೆ ಹೋದರು. ಇವತ್ತು ಯಾವ ಪಾಠ ಮಾಡಲಿ ಎಂದು ಅವಳು ಕೇಳಿದಾಗ ನಿಧಾನವಾಗಿ ಹೇಳಿದರು: “ಬ್ರೇಕ್ ಮಾಡಮ್ಮ.”

ತಟ್ಟೆ ಬರಲಿಲ್ಲ. ರಾಜ್ಯಲಕ್ಷ್ಮಿ ಹಲಗೆಯ ಮೇಲೆ ಆ ಒಂದು ಪದ ಬರೆದಳು. ನಿಮ್ಮ ಮನೆಯಲ್ಲಿ ಏನು ಬ್ರೇಕ್ ಆಗಿದೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿ ಕೂತುಬಿಟ್ಟಳು. ಒಬ್ಬಳ ಬಳೆ, ಒಬ್ಬಳ ಫೋನು, ಒಬ್ಬಳ ಅಣ್ಣನ ನಿಶ್ಚಿತಾರ್ಥ. ವಾಕ್ಯಗಳು ಕುಂಟುತ್ತ ಬಂದವು. ಅವಳು ಯಾವುದನ್ನೂ ತಿದ್ದಲಿಲ್ಲ. ವಾಸಂತಿ ಹಲ್ಲು ಕಚ್ಚಿ ಕೂತರು.

ಆಮೇಲೆ ಬಿಂದುಶ್ರೀ ಎದ್ದು ನಿಂತಳು.

“ಮೈ ಫಾದರ್ ಬ್ರೇಕ್…” ಎಂದು ನಿಂತಳು. ಸರಿಯಾದ ಪದ ವಾಸಂತಿಯ ನಾಲಿಗೆಯ ತುದಿಗೆ ಬಂತು. ರಾಜ್ಯಲಕ್ಷ್ಮಿ ಗಲ್ಲಕ್ಕೆ ಕೈಕೊಟ್ಟು ಕಾದಳು. ಫ್ಯಾನು ಕಿರ್ರೆಂದು ತಿರುಗುತ್ತಿತ್ತು.

“ಬ್ರೋಕ್,” ಎಂದಳು ಬಿಂದುಶ್ರೀ, ತಾನೇ. ಮತ್ತೆ ನಿಲ್ಲಲಿಲ್ಲ. ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಪ್ರತಿ ವಾರ ಮಾತು ಕೊಡುವುದು, ಪ್ರತಿ ಭಾನುವಾರವೂ ಡ್ಯೂಟಿ ಬೀಳುವುದು, ಅಮ್ಮ ಕಟ್ಟಿದ ಪುಳಿಯೋಗರೆಯನ್ನು ಮನೆಯ ತಾರಸಿಯ ಮೇಲೆ ಕೂತು ತಿನ್ನುವುದು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ದನಿಯನ್ನು ವಾಸಂತಿ ಅಲ್ಲಿಯವರೆಗೆ ಕೇಳಿರಲಿಲ್ಲ.

ಕದ್ದಿದ್ದರೆ ಕೇಳಬಹುದಿತ್ತು. ಇಲ್ಲಿ ಅವರದ್ದೆಂದು ಹಪ್ಪಳದ ಒಂದು ಚೂರೂ ಇರಲಿಲ್ಲ.

ಹೊರಡುವಾಗ ಅವರೇ ಕೇಳಿದರು. “ಹಪ್ಪಳ ಯಾಕೆ ಬಿಟ್ಟೆ? ಖರ್ಚು ಅಂತಾನಾ?”

“ಅಯ್ಯೋ ಮೇಡಂ!” ರಾಜ್ಯಲಕ್ಷ್ಮಿ ನಕ್ಕು, ವಾಸಂತಿಯ ವರಾಂಡದಲ್ಲೇ ಕಲಿತ ಕನ್ನಡದಲ್ಲಿ ಹೇಳಿದಳು. “ನಿಮ್ಮ ಕ್ಲಾಸಲ್ಲಿ ಅದು ಬಾಯಲ್ಲಿದ್ರೆ ನಾನು ಮಾತಾಡೋದೇ ಬೇಡ ಆಗಿತ್ತು. ಎಷ್ಟು ಹಾಯಿ, ಎಷ್ಟು ಆರಾಮ!”

ಅವಳ ನಗೆಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ವಾಸಂತಿಗೆ ಸಮಾಧಾನವಾಗುತ್ತಿತ್ತು.

ರೈಲು ಊರು ದಾಟುವಾಗ ನಾರಾಯಣಸ್ವಾಮಿಯ ಫೋನು ಬಂತು. “ಹೆಂಗಿತ್ತಕ್ಕಾ?” ಬಿಂದುಶ್ರೀ ಕಿಟಕಿಯ ಕಡೆ ಮುಖ ಮಾಡಿದ್ದಳು. ದುಪಟ್ಟಾದ ಅಂಚನ್ನು ಸುತ್ತುತ್ತಿದ್ದ ಬೆರಳು ನಿಂತಿತ್ತು.

“ಫ್ಯಾನು ಕಿರ್ರ್ ಅನ್ನುತ್ತೆ. ಮೆಟ್ಲು ಕಡಿದು. ಅವಳ ಸ್ಪೆಲಿಂಗು ಮೊದಲಿಂದ್ಲೂ ಅಷ್ಟಕ್ಕಷ್ಟೆ.”

“ಅಂದ್ರೆ ಬೇಡ್ವಾ?”

ಹೊರಗೆ ಗದ್ದೆಗಳ ಮೇಲೆ ಬಿಸಿಲು ತೆಳುವಾಗುತ್ತಿತ್ತು. ಬೇಡ ಎನ್ನುವುದು ಅಷ್ಟು ಸಣ್ಣ ಮಾತು.

“ನಾನೆಲ್ಲಿ ಬೇಡ ಅಂದೆ? ಸೇರ್ಸಿ,” ಎಂದು ವಾಸಂತಿ ಫೋನು ಇಟ್ಟರು. ಬಿಂದುಶ್ರೀ ತಿರುಗಿ ಕೈ ಹಿಡಿಯಲು ಬಂದಾಗ, ಚೀಲದಲ್ಲಿ ಏನನ್ನೋ ಹುಡುಕುವವರಂತೆ ತಲೆ ತಗ್ಗಿಸಿದರು.

ಮರುದಿನ ಸಂಜೆ ವರಾಂಡದಲ್ಲಿ ಹಪ್ಪಳದ ವಾಸನೆ. ಹೊಸದಾಗಿ ಸೇರಿದ ದುರ್ಗಾಭವಾನಿ ಎದ್ದು ನಿಂತು, “ಎಸ್ಟರ್ಡೇ ಐ ಬ್ರೇಕ್…” ಎಂದು ತಡವರಿಸಿದಳು. ವಾಸಂತಿ ತುಟಿ ಬಿಗಿದು ಗೇಟಿನಾಚೆ ಹೋಗುತ್ತಿದ್ದ ಕಂಪನಿ ಬಸ್ಸನ್ನು ನೋಡಿದರು. ಅದು ತಿರುವು ತಲುಪುವವರೆಗೂ ಅವರಿಗೆ ತಡೆಯಲಾಗಲಿಲ್ಲ.

“ಬ್ರೋಕ್! ಬ್ರೇಕ್ ಅಲ್ಲಮ್ಮಾ, ಬ್ರೋಕ್. ತಗೋ, ತಿನ್ನು.”

ದುರ್ಗಾಭವಾನಿ ಹಪ್ಪಳ ಬಾಯಿಗಿಟ್ಟುಕೊಂಡು ಸುಮ್ಮನೆ ಕೂತಳು. ಅವಳ ಮುಖದಲ್ಲಿ ಎಷ್ಟೊಂದು ಹಾಯಿ ಇತ್ತು.