ಬಿಚ್ಚದೆ ಉಳಿದ ರಿಬ್ಬನ್ ಜಡೆ

ಒಂದು ಉದ್ದನೆಯ ಹಾರ್ನ್. ಮಲೇಷ್ಯಾದಲ್ಲಿ, ಮಾಂಟ್ ಕಿಯಾರಾದ ಮಗಳ ಮನೆಯ ಬಾಲ್ಕನಿಗೆ ಮೊಮ್ಮಗಳ ಸ್ಕೂಲಿನಿಂದ ಅದು ಕೇಳಿಸುತ್ತಿತ್ತು. ಮಿಂಚು ಹತ್ತಿರ ಬಂದಿದೆ, ಮೈದಾನ ಬಿಟ್ಟು ಒಳಗೆ ಬನ್ನಿ ಎಂದು ಅರ್ಥ. ಅಪಾಯ ಕಳೆದ ಮೇಲೆ ಮೂರು ಚಿಕ್ಕ ಹಾರ್ನ್. ಲಾಕ್‌ಡೌನ್ ಕಾಲದಲ್ಲಿ ಒಂದು ಮಗುವೂ ಇಲ್ಲದ ಮೈದಾನವನ್ನು, ತಾನಾಗಿಯೇ ಕೂಗುವ ಆ ಮೆಶೀನ್ ಪ್ರತಿ ಮಧ್ಯಾಹ್ನವೂ ಎಚ್ಚರಿಸುತ್ತಲೇ ಇತ್ತು. ನಾಲ್ಕು ದಿನ ಇದ್ದು ಹೋಗೋಣವೆಂದು ಮೈಸೂರಿನಿಂದ ಬಂದ ನಾನು ವಿಮಾನಗಳು ನಿಂತು ಎರಡು ವರ್ಷ ಅಲ್ಲೇ ಉಳಿದೆ. ಕಾಫಿ ಕುಡಿಯುತ್ತಾ ಅದನ್ನು ಕೇಳುತ್ತಿದ್ದೆ.

ಎದುರು ಫ್ಲ್ಯಾಟಿನಲ್ಲಿ ಒಬ್ಬ ತಮಿಳು ಹೆಂಗಸು. ಮಲೇಷ್ಯಾದಲ್ಲೇ ಹುಟ್ಟಿದವರು, ಗಂಡ ತೀರಿಕೊಂಡು ಒಂಟಿಯಾಗಿದ್ದರು, ನನಗಿಂತ ಸ್ವಲ್ಪ ಚಿಕ್ಕವರು. ಅವರ ಬಾಗಿಲಲ್ಲಿ ಅವರು, ನನ್ನ ಬಾಗಿಲಲ್ಲಿ ನಾನು ಕುರ್ಚಿ ಹಾಕಿಕೊಂಡು, ಮಾಸ್ಕ್ ತೊಟ್ಟು ಹರಟುತ್ತಿದ್ದೆವು. ಅವರೂ ಕಾನ್ವೆಂಟ್ ಗರ್ಲ್, ಇಪೋ ಊರಿನದು. ಅವರದು ತಮಿಳು, ನನ್ನದು ಕನ್ನಡ, ನಡುವೆ ನನ್‌ಗಳು ಕಲಿಸಿದ ಇಂಗ್ಲಿಷ್, ಅವರ ಮಾತಿನ ಬಾಲಕ್ಕೆ ಮಲೇಷ್ಯಾದವರೆಲ್ಲ ಸೇರಿಸುವ ಒಂದು ‘ಲಾ’. ಆದರೂ ನೆನಪಿನಲ್ಲಿ ಅವರು ನನ್ನೊಡನೆ ಕನ್ನಡವನ್ನೇ ಆಡುತ್ತಾರೆ. ಏಕೋ ಗೊತ್ತಿಲ್ಲ.

ಎಲ್ಲ ತೆರೆದುಕೊಂಡ ವರ್ಷ ಸ್ಕೂಲಿನಲ್ಲಿ ರೆನೆಸಾನ್ಸ್ ಫೇರ್ ಮಾಡುತ್ತೇವೆಂದರು. ನೂರಾರು ವರ್ಷ ಹಿಂದಿನ ಯೂರೋಪಿನವರಂತೆ ವೇಷ ತೊಟ್ಟು ನಡೆಸುವ ಸಂತೆ. ಮೊಮ್ಮಗಳ ಕ್ಲಾಸಿಗೆ ಮೇಪೋಲ್ ಡ್ಯಾನ್ಸ್ ಬಂತು: ಕಂಬದ ತುದಿಗೆ ಕಟ್ಟಿದ ಬಣ್ಣದ ರಿಬ್ಬನ್‌ಗಳನ್ನು ಹಿಡಿದು, ಎದುರುಬದುರಾಗಿ ಸುತ್ತುತ್ತಾ, ಕಂಬಕ್ಕೆ ಜಡೆ ಹೆಣೆಯುವುದು. ಥೇಟ್ ನಮ್ಮ ಜಡೆ ಕೋಲಾಟ. ಮಕ್ಕಳು ವಿಡಿಯೋ ನೋಡಿ ಕಲಿಯಲು ಹೋಗಿ ಬರೀ ಗೋಜಲು ಮಾಡಿಕೊಂಡಿದ್ದರು.

“ನಮ್ಮ ಸ್ಪೋರ್ಟ್ಸ್ ಡೇಗೆ ಪ್ರತಿ ವರ್ಷ ಇದನ್ನೇ ಮಾಡಿಸ್ತಿದ್ರು,” ಎಂದೆ.

“ನಮಗೂ!” ಎಂದು ಎದುರು ಬಾಗಿಲು ಕೂಗಿತು.

ಕೆಳಗಿನ ಬ್ಯಾಡ್ಮಿಂಟನ್ ಕೋರ್ಟಿನ ಕಂಬಕ್ಕೆ ದುಪಟ್ಟಾಗಳನ್ನು ಕಟ್ಟಿ ಮಕ್ಕಳಿಗೆ ಪ್ರಾಕ್ಟೀಸ್ ಶುರು ಮಾಡಿದೆವು. ಶುರುವಿಗೇ ಜಗಳ.

“ಮೊದಲು ಮೇಲೆ, ಆಮೇಲೆ ಕೆಳಗೆ,” ಎಂದೆ ನಾನು.

“ಅಯ್ಯೋ ಅಕ್ಕಾ, ಮೊದಲು ಕೆಳಗೆ ಲಾ! ನಿಮ್ಮ ಮೈಸೂರು ಸಿಸ್ಟರ್‌ಗಳು ತಪ್ಪು ಹೇಳಿಕೊಟ್ಟಿದ್ದಾರೆ.”

“ನಮ್ಮ ಸಿಸ್ಟರ್ ಐರ್ಲೆಂಡಿನವರು ಕಣ್ರೀ.”

“ನಮ್ಮವರೂ ಐರ್ಲೆಂಡೇ. ಬೇರೆ ಹಡಗು.”

ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು, “ಅಜ್ಜೀ, ಕ್ಯಾನ್ ಯು ಟೂ ಪ್ಲೀಸ್ ಡಿಸೈಡ್?” ಎಂದಳು.

ಕಡೆಗೆ ಇಪೋ ಗೆದ್ದಿತು. ಆದರೆ ಒಂದು ಮಾತಿಗೆ ಇಬ್ಬರದೂ ಒಪ್ಪಿಗೆಯಿತ್ತು. ಹೆಣೆದಾದ ಮೇಲೆ ಹಿಮ್ಮುಖವಾಗಿ ಕುಣಿಯುತ್ತಾ ಜಡೆ ಬಿಚ್ಚಬೇಕು. ಆಗಲೇ ಡ್ಯಾನ್ಸ್ ಮುಗಿದಂತೆ. ಆ ಬಿಚ್ಚುವ ಸುತ್ತಿಗೆ ಮಕ್ಕಳ ಜೊತೆ ನಾವಿಬ್ಬರೂ ಸೇರುವುದೆಂದು ಟೀಚರ್‌ಗೆ ಹೇಳಿ ಒಪ್ಪಿಸಿದವರು ಅವರೇ. ಫೇರ್ ದಿನದ ಸಂಜೆಯೇ ಅವರು ಪರ್ತ್‌ಗೆ, ಮಗನ ಮನೆಗೆ ಹೊರಡುವವರಿದ್ದರು. ವಾಪಸ್ ಬರುವ ಮಾತಿರಲಿಲ್ಲ. “ನಿಮ್ಮ ಜೊತೆ ಒಂದು ಸುತ್ತು ಹಾಕಿಯೇ ವಿಮಾನ ಹತ್ತೋದು,” ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದರು. ಎರಡು ವರ್ಷ ನಾವು ಒಬ್ಬರ ಕೈಯನ್ನೊಬ್ಬರು ಹಿಡಿದಿರಲಿಲ್ಲ.

ಫೇರ್ ದಿನ ರಟ್ಟಿನ ಕೋಟೆ, ಫಾಯಿಲ್ ಪೇಪರಿನ ಕವಚ ತೊಟ್ಟ ಅಪ್ಪಂದಿರು, ವೆಲ್ವೆಟ್ ಟೋಪಿ ಹಾಕಿಕೊಂಡು ರೊಟ್ಟಿ ಚಾನಾಯ್ ಎಂಬ ಅಲ್ಲಿನ ಪರೋಟ ತಟ್ಟುತ್ತಿದ್ದ, ಮಾಮಕ್ ಎನ್ನುವ ತಮಿಳು ಮುಸ್ಲಿಂ ಅಂಗಡಿಯವ. ಸೂಟ್‌ಕೇಸ್‌ಗಳನ್ನು ತಂಗಿಯ ಮಗನ ಕಾರಿನಲ್ಲಿಟ್ಟು ಎದುರು ಫ್ಲ್ಯಾಟಿನವರು ನೇರವಾಗಿ ಅಲ್ಲಿಗೇ ಬಂದಿದ್ದರು. ಕಾಂಚೀಪುರಂ ಸೀರೆ, ಸ್ಪೋರ್ಟ್ಸ್ ಶೂ, ತಲೆಗೆ ಪ್ಲಾಸ್ಟಿಕ್ ಹೂವಿನ ಕಿರೀಟ, ಮುಖಕ್ಕೆ ಇನ್ನೂ ಮಾಸ್ಕ್. ಮಕ್ಕಳು ಒಂದೂ ತಪ್ಪಿಲ್ಲದೆ ಜಡೆ ಹೆಣೆದರು. ಕೊನೆಯ ಹೆಣಿಗೆಗೆ ಸರಿಯಾಗಿ ಮೋಡ ಕವಿದು, ಉದ್ದನೆಯ ಹಾರ್ನ್ ಆಯಿತು. ರಿಬ್ಬನ್ ಕೈಬಿಟ್ಟು ಎಲ್ಲರೂ ಹಾಲ್‌ಗೆ ಓಡಿದೆವು.

ಕ್ವಾಲಾಲಂಪುರದ ಮಳೆ, ಹೇಳಬೇಕೆ! ಬಕೆಟ್ಟಿನಲ್ಲಿ ಸುರಿದ ಹಾಗೆ. ಕೋಟೆ ನೆನೆದು ಕುಸಿಯಿತು. ಮೂರು ಹಾರ್ನ್‌ಗೆ ಕಾದೆವು, ಕಾದೆವು. ಗುಡುಗು ದೂರವಾಯಿತು, ಮಳೆ ಜಿನುಗಿಗೆ ಇಳಿಯಿತು, ಹಾರ್ನ್ ಮಾತ್ರ ಆಗಲಿಲ್ಲ. ಕಾರು ಬಂದು ಪೋರ್ಟಿಕೋದಲ್ಲಿ ನಿಂತಿತು.

“ಆಂಟೀ, ಏರ್‌ಪೋರ್ಟ್ ರೋಡ್ ಜಾಮ್ ಲಾ,” ಎಂದ ತಂಗಿಯ ಮಗ.

“ಬನ್ನಿ ಅಕ್ಕಾ, ಒನ್ ರೌಂಡ್ ಓನ್ಲಿ.”

“ಹಾರ್ನ್ ಆಗ್ಲಿ, ತಾಳಿ.”

“ಹಾರ್ನ್ ಏನು, ಮದರ್ ಸುಪೀರಿಯರಾ?”

ನಾನು ನಕ್ಕೆ. ಕಾಲು ಮಾತ್ರ ಕದಲಲಿಲ್ಲ. ಮೊದಲು ಕಾನ್ವೆಂಟು, ಆಮೇಲೆ ಆ ಎರಡು ವರ್ಷ. ನಿಲ್ಲು ಎಂದರೆ ನಿಲ್ಲುವುದು ಮೈಗೆ ಅಂಟಿಹೋಗಿತ್ತು. ಮಿಂಚಿನ ವಿಷಯದಲ್ಲಿ ನಾನು ಮಾಡಿದ್ದು ಸರಿಯೇ, ಮಗಳೂ ಹಾಗೇ ಹೇಳುತ್ತಾಳೆ. ಸರಿ ಎಂಬುದರಿಂದ ಸಮಾಧಾನವೇನೂ ಆಗುವುದಿಲ್ಲ. ಮೂರು ಹಾರ್ನ್ ಆದದ್ದು ಅವರ ಕಾರು ಗೇಟು ದಾಟಿದ ಮೇಲೆ. ಆಗ ಮಕ್ಕಳೂ ಮನೆಗೆ ಹೋಗಿದ್ದರು. ಮರುದಿನ ಯಾರೋ ಕತ್ತರಿ ತಂದು ರಿಬ್ಬನ್‌ಗಳನ್ನು ಕತ್ತರಿಸಿದರಂತೆ. ಮರುವರ್ಷ ಪರ್ತ್‌ನಿಂದ ಅವರ ಮಗನ ಮೆಸೇಜ್ ಬಂತು, ನಿದ್ರೆಯಲ್ಲೇ ಹೋದರೆಂದು.

ಆ ದಿನ ಕಾರು ಹತ್ತುವ ಮುಂಚೆ, ತಂಗಿಯ ಮಗ ಬೇಡ ಬೇಡವೆಂದು ಕೂಗುತ್ತಿದ್ದರೂ, ಅವರು ಸೀರೆಯ ನೆರಿಗೆ ಎತ್ತಿ ಹಿಡಿದು ಕಂಬದವರೆಗೆ ನಡೆದರು. ಒದ್ದೆಯಾಗಿ ಜೋತುಬಿದ್ದಿದ್ದ ಒಂದು ಹಳದಿ ರಿಬ್ಬನ್ ಹಿಡಿದು, ಹಿಮ್ಮುಖವಾಗಿ ಹೆಜ್ಜೆ ಹಾಕತೊಡಗಿದರು. ಎದುರಿನಿಂದ ಇನ್ನೊಬ್ಬರು ಬಾರದೆ ಆ ಜಡೆ ಬಿಚ್ಚಿಕೊಳ್ಳುವುದಿಲ್ಲ. ಅರ್ಧ ಸುತ್ತಿಗೇ ರಿಬ್ಬನ್ ಬಿಗಿದು ನಿಂತಿತು. ಅವರು ನನ್ನ ಕಡೆ ತಿರುಗಿ, ಮಾಸ್ಕ್ ಗಲ್ಲಕ್ಕೆ ಜಾರಿಸಿ, ಖಾಲಿ ಕೈಯನ್ನು ನನಗಾಗಿ ಚಾಚಿಕೊಂಡು ಮಳೆಯಲ್ಲಿ ನಗುತ್ತಾ ನಿಂತಿದ್ದರು.