ನೀರಿಗಿಳಿಯುವ ರಸ್ತೆ

ಇದು ನಡೆದದ್ದೇ ಎಂದು ನಾನು ಆಣೆ ಮಾಡಿ ಹೇಳಲಾರೆ. ನನಗಾಗ ಎಂಟೋ ಒಂಬತ್ತೋ ವರ್ಷ. ಒಂದು ಡಾಂಬರು ರಸ್ತೆ ನೇರವಾಗಿ ಹೋಗಿ ನೀರಿನೊಳಗೆ ಇಳಿಯುತ್ತದೆ. ಅಡ್ಡಗಟ್ಟೆ ಇಲ್ಲ, ಎಚ್ಚರಿಕೆಯ ಫಲಕ ಇಲ್ಲ. ಬಸ್ಸೊಂದು ಬಂದರೆ ಹಾಗೇ ಮುಳುಗಿಹೋಗಬೇಕು. ರಸ್ತೆಯ ಅಂಚಿನ ಮೋರಿಕಟ್ಟೆಯ ಮೇಲೆ ಅಪ್ಪ ಕೂತಿದ್ದಾರೆ, ಪಕ್ಕದಲ್ಲಿ ನಾನು. ಎದುರಿಗೆ ಆಚೆ ದಡ ಕಾಣದಷ್ಟು ನೀರು. ಗಾಳದ ಬೆಂಡು ಮುಳುಗುತ್ತದೆ, ಅಪ್ಪ ಎದ್ದು ನಿಲ್ಲುತ್ತಾರೆ, ಆಮೇಲೆ ನನ್ನ ತೊಡೆಗಿಂತ ದಪ್ಪದ ಕಾಟ್ಲಾ ಮೀನೊಂದು ಡಾಂಬರಿನ ಮೇಲೆ ಬಾಲ ಬಡಿಯುತ್ತಿದೆ. ಇಷ್ಟೇ. ಅಲ್ಲಿಗೆ ಹೇಗೆ ಹೋದೆವು, ಹೇಗೆ ಬಂದೆವು, ಒಂದೂ ನೆನಪಿಲ್ಲ.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನು ನಾನು. ಒಂದೇ ಒಂದು ಉದಾಹರಣೆ ನೋಡಿ ತೀರ್ಮಾನಕ್ಕೆ ಬರಬೇಡಿ ಎಂದು ಹೇಳಿಹೇಳಿಯೇ ತಲೆ ಬೆಳ್ಳಗಾಯಿತು. ಅಂಥವನು ನಿವೃತ್ತಿ ಹತ್ತಿರ ಬಂದಾಗ ಈ ಒಂದು ಚಿತ್ರವನ್ನು ಹಿಡಿದುಕೊಂಡು, ರಾಮಮೂರ್ತಿ ನಗರದ ಮನೆ ಮಾರಿ, ಹೆಂಡತಿಯನ್ನೂ ಎಬ್ಬಿಸಿಕೊಂಡು ಮೈಸೂರಿನಾಚೆಯ ಒಂದು ಜಲಾಶಯದ ಹಿನ್ನೀರಿನ ಪಕ್ಕಕ್ಕೆ ಹೋಗಲು ಹೊರಟಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಗಾಳ ಹಾಕುವವರು ಯಾರೂ ಜಾಗದ ಹೆಸರು ಹೇಳುವುದಿಲ್ಲ. ಆ ರಸ್ತೆ ಅಲ್ಲಿಯದೇ ಎಂದು ನನಗೆ ಹೇಗೆ ಗೊತ್ತು ಎಂದರೆ, ಅದೂ ಸರಿಯಾಗಿ ಗೊತ್ತಿಲ್ಲ. ಅಪ್ಪ ಆ ಊರಿನ ಹೆಸರನ್ನು ಆಗಾಗ ಹೇಳುತ್ತಿದ್ದರು. ರಿಟೈರ್ ಆದ ಮೇಲೆ ಅಲ್ಲಿ ಹೋಗಿ ಇದ್ದುಬಿಡಬೇಕು ಎನ್ನುತ್ತಿದ್ದರು. ಹಲಸೂರಿನ ಬಾಡಿಗೆ ಮನೆಯಲ್ಲೇ ತೀರಿಕೊಂಡರು.

ಹೆಂಡತಿ ಮೊದಲು ಒಪ್ಪಿರಲಿಲ್ಲ. ಒಪ್ಪದಿರಲು ಅವಳಿಗೆ ಕಾರಣವಿತ್ತು. ಮದುವೆಯಾದ ಮೇಲೆ ನಾನು ಅವಳನ್ನು ಹಲಸೂರಿನಿಂದ ಇಂದಿರಾನಗರಕ್ಕೆ, ಅಲ್ಲಿಂದ ರಾಮಮೂರ್ತಿ ನಗರಕ್ಕೆ ಎಳೆದುಕೊಂಡು ಬಂದಿದ್ದೆ.

"ಹಲಸೂರಲ್ಲಿ ಸೊಳ್ಳೆ ಅಂದ್ರಿ. ಇಂದಿರಾನಗರದಲ್ಲಿ ಗಲಾಟೆ ಅಂದ್ರಿ. ಇಲ್ಲೇನಂತೆ?"

"ಇಲ್ಲಿ ಏನೂ ಇಲ್ಲ. ಅಲ್ಲಿ ನೀರಿದೆ."

"ಅದು ಕಾರಣ ಅಲ್ಲ. ನಂಗೆ ಇಲ್ಲಿ ವಾಕಿಂಗ್ ಗೆಳತಿಯರಿದ್ದಾರೆ, ಹಾರ್ಮೋನಿಯಂ ಕ್ಲಾಸಿದೆ. ಅದನ್ನೆಲ್ಲ ಬಿಟ್ಟು ಬರ್ಬೇಕು ಅಂದ್ರೆ ಸರಿಯಾದ ಕಾರಣ ಹೇಳಿ."

ಆಗ ಅಪ್ಪನ ಕಥೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಕೊನೆಗೆ, "ಇದನ್ನ ಇಷ್ಟು ವರ್ಷ ಹೇಳೇ ಇಲ್ಲವಲ್ಲ ನೀವು," ಎಂದಳು. ಒಪ್ಪಿಗೆ ಸಿಕ್ಕಿತು. ಮನೆಗೆ ಗಿರಾಕಿಯೂ ಸಿಕ್ಕಿದರು. ದಸರಾ ರಜೆ ಮುಗಿಯುವುದರೊಳಗೆ ಕೊಡುತ್ತೇವೋ ಇಲ್ಲವೋ ಹೇಳಬೇಕಿತ್ತು.

ಅಷ್ಟರಲ್ಲಿ ಒಂದು ಭಾನುವಾರ ಕಮ್ಮನಹಳ್ಳಿಯ ಅಕ್ಕನ ಮನೆಗೆ ಊಟಕ್ಕೆ ಹೋದೆವು. ಹೆಂಡತಿ ಸಂತೋಷದಿಂದ ಆ ಕಥೆಯನ್ನು ಅಕ್ಕನ ಮುಂದೆ ತೆಗೆದಳು. ಅಕ್ಕ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು.

"ಯಾವ ಮೀನೋ? ಆ ದೊಡ್ಡ ಮೀನಾ? ಅದನ್ನ ಅಪ್ಪ ರಸೆಲ್ ಮಾರ್ಕೆಟ್‌ನಲ್ಲಿ ತಗೊಂಡಿದ್ದು ಕಣೋ. ನಾನೇ ಜೊತೆಗಿದ್ದೆ. ಬಸ್ಸಲ್ಲಿ ಐಸ್ ನೀರು ಸೋರಿ ನನ್ನ ಲಂಗ ಎಲ್ಲ ನಾತ. ನೀನು ಅವತ್ತು ಜ್ವರ ಬಂದು ಮಲಗಿದ್ದೆ."

"ರಸ್ತೆ? ನೀರಿಗಿಳಿಯೋ ರಸ್ತೆ?"

"ರಸ್ತೆ ನೀರಿಗಿಳಿಯುತ್ತೇನೋ? ಜ್ವರದಲ್ಲಿ ಕಂಡಿರ್ಬೇಕು. ಇನ್ನೊಂಚೂರು ಅನ್ನ ಹಾಕ್ಲಾ?"

ಅನ್ನ ಹಾಕಿಸಿಕೊಂಡೆ. ಅಕ್ಕನದೂ ನೆನಪೇ, ಅದಕ್ಕೂ ನನ್ನದಕ್ಕಿಂತ ಹೆಚ್ಚಿನ ಬೆಲೆ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅವಳ ನೆನಪಿಗೆ ವಾಸನೆಯಿತ್ತು. ನನ್ನದಕ್ಕೆ ಇರಲಿಲ್ಲ.

ಆಟೋದಲ್ಲಿ ಹಿಂದಿರುಗುವಾಗ ಬಾಣಸವಾಡಿ ದಾಟಿದ ಮೇಲೆ ಹೆಂಡತಿ ಹೇಳಿದಳು: "ರಜೇಲಿ ಅಲ್ಲಿಗೆ ಹೋಗಿ ಇದ್ದು ನೋಡೋಣ. ಮೀನು ನಿಜಾನೋ ಸುಳ್ಳೋ ನಂಗೆ ಬೇಡ. ನಿಮಗೆ ಅಲ್ಲಿ ಕೂರಕ್ಕೆ ಆಗತ್ತಾ ನೋಡ್ತೀನಿ. ಮನೇಲಿ ಪೇಪರನ್ನೂ ನಿಂತ್ಕೊಂಡೇ ಓದ್ತೀರ. ಇನ್ನಾರು ತಿಂಗಳಿಗೆ ಇದೂ ಸಾಕು ಅಂತ ಎದ್ರೆ, ನಾನಂತೂ ಮತ್ತೆ ಪಾತ್ರೆ ಕಟ್ಟಲ್ಲ."

ಫೋನಿನ ನಕ್ಷೆಯಲ್ಲಿ ಆ ಹಿನ್ನೀರನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ನೀರಿನ ಅಂಚಿನಲ್ಲಿ ಒಂದು ಕಡೆ ಮಸುಕಾದ ಗೆರೆ ಕಂಡಿತು. ರಸ್ತೆಯೂ ಆಗಬಹುದು, ದನ ಓಡಾಡಿದ ಜಾಡೂ ಆಗಬಹುದು. ಬೇಕು ಅಂದುಕೊಂಡು ನೋಡುವವನ ಕಣ್ಣಿಗೆ ಗೆರೆಗಳು ಬೇಗ ರಸ್ತೆಯಾಗುತ್ತವೆ. ಫೋನನ್ನು ಮಗುಚಿಟ್ಟೆ.

ನಾನು ಭಾನುವಾರದ ಗಾಳದವನು. ಕೆ.ಆರ್. ಪುರದಾಚೆ ಒಂದು ಕೆರೆಯಲ್ಲಿ ನಮ್ಮದೊಂದು ಸಣ್ಣ ಗುಂಪು ಕೂರುತ್ತದೆ. ಅದರಲ್ಲಿ ಎಲ್ಲರಿಗೂ ಹಿರಿಯರು ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಾಹೇಬರು. ಅಂಗಡಿಯನ್ನು ಮಗನಿಗೆ ಒಪ್ಪಿಸಿ ಈಗ ಪೂರ್ತಿ ಕೆರೆಯವರಾಗಿದ್ದಾರೆ. ನಮ್ಮಲ್ಲಿ ಒಂದು ಕಟ್ಟಳೆ ಇದೆ. ಗಾಳ ಹಾಕುವ ಮೊದಲು ಮೂರು ಸಂಜೆ, ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ ಮೇವಿನ ಉಂಡೆ ಎಸೆಯಬೇಕು: ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ, ಆಮೇಲೆ ಅವರವರ ಗುಟ್ಟಿನ ಮಸಾಲೆ. ಮೀನು ಆ ಜಾಗಕ್ಕೆ ರೂಢಿಯಾಗುತ್ತದೆ. ನಾಲ್ಕನೆಯ ದಿನವೇ ಗಾಳ. ಮೇವು ಹಾಕಿದವನು ದಡದಲ್ಲಿ ಒಂದು ಕಡ್ಡಿ ನೆಡುತ್ತಾನೆ. ಆ ಕಡ್ಡಿ ಇರುವ ಕಡೆ ಬೇರೆ ಯಾರೂ ಕೂರುವುದಿಲ್ಲ.

ಹೊರಡುವ ಮುಂಚಿನ ಭಾನುವಾರ ಸಾಹೇಬರು ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟರು.

"ಮಸಾಲಾ. ಏನೇನಿದೆ ಅಂತ ಕೇಳ್ಬೇಡಿ ಪ್ರೊಫೆಸರ್ ಸಾಬ್. ನಮ್ ಬೀವಿಗೂ ಹೇಳಿಲ್ಲ."

"ದೊಡ್ಡ ನೀರಿಗೆ ಇದು ನಡೆಯುತ್ತಾ?"

"ಮೀನಿಗೆ ಗೊತ್ತಾ ದೊಡ್ಡ ನೀರು, ಚಿಕ್ಕ ನೀರು ಅಂತ? ಅದಕ್ಕೆ ಹೊಟ್ಟೆ ಒಂದೇ. ಹೋಗ್ಬನ್ನಿ. ಅಲ್ಲೇ ಇದ್ಬಿಟ್ರೆ ನಮಗೊಂದು ರೂಮ್ ಇಟ್ಟಿರಿ, ಬಸ್, ಅಷ್ಟೇ ಸಾಕು."

ಹಿನ್ನೀರಿನ ಪಕ್ಕದಲ್ಲಿ ನಾವು ಹಿಡಿದದ್ದು ಒಂದು ಸಣ್ಣ ಹೆಂಚಿನ ಮನೆ. ಹಿಂಬದಿಯ ಕೋಣೆಗಳಲ್ಲಿ ಮನೆಯ ಯಜಮಾನನ ಸಂಸಾರ, ಅವರ ಕೋಳಿಗಳು. ಮಳೆಗಾಲ ಚೆನ್ನಾಗಿ ನಡೆದಿತ್ತು. ಜಲಾಶಯ ತುಂಬಿ ನೀರು ಹಿತ್ತಲಿನ ಬೇಲಿಯವರೆಗೂ ಬಂದಿತ್ತು. ನಾನು ಅಲ್ಲಲ್ಲಿ ಅಡ್ಡಾಡಿ ನೋಡಿದೆ. ರಸ್ತೆಯ ಸುಳಿವಿರಲಿಲ್ಲ.

"ಯಜಮಾನರನ್ನ ಕೇಳಿದ್ರೆ ಗೊತ್ತಾಗತ್ತಲ್ಲ," ಎಂದಳು ಹೆಂಡತಿ.

"ಕೇಳಿದ್ರೆ ಹೌದು ಅಂತಾರೆ. ಬಂದಿರೋ ನೆಂಟ ಆಸೆಯಿಂದ ಕೇಳಿದ್ರೆ ಇಲ್ಲ ಅನ್ನೋರು ಯಾರು? ಆಮೇಲೆ ಅವರ ಹೌದು ನನ್ನ ನೆನಪೊಳಗೆ ಸೇರ್ಕೊಂಡು ಕೂತ್ಬಿಡುತ್ತೆ."

"ನಿಮ್ಮಂಥೋರನ್ನ ಕಟ್ಕೊಂಡು," ಎಂದು ಅವಳು ಒಳಗೆ ಹೋದಳು.

ಮೊದಲ ಸಂಜೆ ಮೇವಿನ ಉಂಡೆ ಕಟ್ಟಿ, ದಡದ ಹತ್ತಿರದ ನೀರಿಗೆ ಎಸೆದು, ಅಂಚಿನಲ್ಲಿ ಕಡ್ಡಿ ನೆಟ್ಟೆ. ಎರಡನೆಯ ಸಂಜೆ ಹೋದಾಗ ಕಡ್ಡಿಯ ಸುತ್ತ ಕೆಸರು. ಯಾರೋ ಕಿತ್ತು ಮೇಲೆ ನೆಟ್ಟಿದ್ದಾರೆ ಅಂದುಕೊಂಡು, ಅದನ್ನು ನೀರಿನಂಚಿಗೆ ತಂದು ನೆಟ್ಟು, ಅಷ್ಟೇ ದೂರಕ್ಕೆ ಮತ್ತೆ ಉಂಡೆ ಎಸೆದೆ. ಮೂರನೆಯ ಸಂಜೆ ಯಜಮಾನ ಬೇಲಿಯ ಹತ್ತಿರ ನಗು ತಡೆದುಕೊಂಡು ನಿಂತಿದ್ದ.

"ಸಾರ್, ಮೀನಿಗೆ ಅಂತ ನೀವು ಹಾಕಿದ್ದೆಲ್ಲ ನಮ್ಮ ಕೋಳಿ ತಿಂತಾವೆ. ಬೆಳಗ್ಗೆಯಿಂದ ಗೂಡಿಗೇ ಬಂದಿಲ್ಲ ನೋಡಿ."

ನೋಡಿದರೆ, ನನ್ನ ಜಾಗ ಒಣಗುತ್ತಿರುವ ಮಣ್ಣು. ಅದರ ನಡುವೆ ಸಾಹೇಬರ ಗುಟ್ಟಿನ ಮಸಾಲೆಯನ್ನು ಕೋಳಿಗಳು ಕೆದಕಿ ಕೆದಕಿ ತಿನ್ನುತ್ತಿದ್ದವು. ನೀರು ದೂರದಲ್ಲಿ, ತನ್ನ ಪಾಡಿಗೆ ಹೊಳೆಯುತ್ತಿತ್ತು. ನಾಲೆಗೆ ನೀರು ಬಿಟ್ಟಿದ್ದರು. ಅಲ್ಲಿ ಇಳಿಜಾರು ಎಷ್ಟು ಕಡಿಮೆಯೆಂದರೆ ನೀರು ಗೇಣುದ್ದ ಇಳಿದರೆ ದಡ ಹತ್ತು ಮಾರು ಹಿಂದೆ ಸರಿಯುತ್ತದೆ. ಜೀವಮಾನವೆಲ್ಲ ಕೆರೆ ನೋಡಿದವನಿಗೆ ದಡ ಎಂದರೆ ಇದ್ದಲ್ಲೇ ಇರುವ ವಸ್ತು. ಹಲಸೂರು ಕೆರೆಯ ದಡ ಎಂದಾದರೂ ಎದ್ದು ನಡೆದದ್ದುಂಟೇ?

ಹೆಂಡತಿ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದಳು. ಬಹಳ ದಿನಗಳ ಮೇಲೆ ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕದ್ದು ಅದು.

"ನೀವು ಕೆರೆ ಲೆಕ್ಕ ಹಾಕಿದ್ರಿ," ಎಂದಳು. "ಇದು ಓಡಾಡೋ ನೀರು. ನಿಮ್ಮ ಥರಾನೇ."

ನಾನೂ ನಕ್ಕೆ. ನಕ್ಕಮೇಲೆ ಏನೋ ಸಡಿಲಾಯಿತು.

ಮರುದಿನದಿಂದ ಕಟ್ಟಳೆ ಬದಲಿಸಿದೆ. ನೀರು ದಿನಕ್ಕೆ ಎಷ್ಟು ಸರಿಯುತ್ತದೆ ಎಂದು ನೋಡಿಕೊಂಡು, ನಾಲ್ಕನೆಯ ದಿನ ದಡ ಎಲ್ಲಿರಬಹುದೋ ಅದರಾಚೆಯ ಆಳಕ್ಕೆ ಉಂಡೆ ಎಸೆಯತೊಡಗಿದೆ. ಲೆಕ್ಕ ಒಂದು ದಿನ ಸರಿಹೋಗುತ್ತಿತ್ತು, ಒಂದು ದಿನ ತಪ್ಪುತ್ತಿತ್ತು. ನಾಲೆಯ ಬಾಗಿಲು ಎತ್ತುವವರು ನನ್ನನ್ನು ಕೇಳಿ ಎತ್ತುತ್ತಿರಲಿಲ್ಲವಲ್ಲ. ಬೆಳಗ್ಗೆ ಮಡಚುವ ಕುರ್ಚಿ ತೆಗೆದುಕೊಂಡು ಹೋಗಿ ಕೂರುತ್ತಿದ್ದೆ. ದಡ ಸರಿದರೆ ಕುರ್ಚಿಯನ್ನೂ ಸರಿಸುತ್ತಿದ್ದೆ. ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತರುತ್ತಿದ್ದಳು, ತಾನೂ ಕೂರುತ್ತಿದ್ದಳು. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದನ್ನು ನೋಡುತ್ತಿದ್ದೆವು. ಬೆಂಡು ಅಲುಗುತ್ತಿರಲಿಲ್ಲ. ರಾಮಮೂರ್ತಿ ನಗರದ ಮನೆಯ ಕೆಳಗೆ ದಿನವಿಡೀ ಹಾರ್ನ್ ಹೊಡೆಯುವ ಟೆಂಪೋಗಳು ನನಗೆ ಇಷ್ಟು ವರ್ಷ ಕೇಳಿಸುತ್ತಿದ್ದವು ಎಂಬುದು, ಅವು ಕೇಳಿಸದಿದ್ದಾಗ ಗೊತ್ತಾಯಿತು.

ರಜೆ ಮುಗಿಯುತ್ತ ಬಂತು. ಕೈಬೆರಳಷ್ಟು ಉದ್ದದ ಪಕ್ಕೆ ಮೀನುಗಳು ಬಿಟ್ಟರೆ ಏನೂ ಸಿಕ್ಕಿರಲಿಲ್ಲ, ಅವನ್ನೂ ನೀರಿಗೇ ಬಿಟ್ಟಿದ್ದೆ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಹೆಂಡತಿ ಡಬ್ಬಿ ಮುಚ್ಚುತ್ತ, "ಆ ಗಿರಾಕಿಗೆ ಫೋನ್ ಮಾಡಿ," ಎಂದಳು.

"ಏನಂತ ಹೇಳ್ಲಿ?"

"ಕೊಡ್ತೀವಿ ಅಂತ."

"ರಸ್ತೆ ಸಿಗಲಿಲ್ಲವಲ್ಲ."

"ರಸ್ತೆ ಯಾರಿಗೆ ಬೇಕಾಗಿತ್ತು? ನೀವು ಕೂತ್ರಿ. ಅದೂ ಮೀನಿಲ್ಲದೆ ಕೂತ್ರಿ. ನಿನ್ನೆ ಕುರ್ಚಿಯಲ್ಲೇ ನಿದ್ದೆ ಮಾಡಿದ್ರಿ, ಗೊರಕೆ ಬೇರೆ. ನಂಗೆ ಅಷ್ಟು ಸಾಕು." ಡಬ್ಬಿಯನ್ನು ಚೀಲಕ್ಕೆ ಹಾಕುತ್ತ ಸೇರಿಸಿದಳು: "ಹಾರ್ಮೋನಿಯಂ ನಮ್ಮ ಜೊತೆ ಬರುತ್ತೆ. ತಿಂಗಳಿಗೊಂದ್ಸಲ ನಾನು ಬೆಂಗಳೂರಿಗೆ ಹೋಗ್ತೀನಿ, ಬೇಡ ಅನ್ನೋ ಹಾಗಿಲ್ಲ."

ಆಗ ಹೊಳೆಯಿತು: ಆ ಕೋಳಿಗಳ ಸಂಜೆಯಿಂದ ಈಚೆಗೆ ನಾನು ಅಪ್ಪನ ಮೀನು ನಿಜವೋ ಸುಳ್ಳೋ ಎಂದು ಯೋಚಿಸಿಯೇ ಇರಲಿಲ್ಲ. ಅದು ನಿಜವಾದರೆ ಮಾತ್ರ ಇಲ್ಲಿರುವ ಹಕ್ಕು ನನಗಿದೆ ಎಂದು ಯಾಕೆ ಅಂದುಕೊಂಡಿದ್ದೆನೋ. ಹೆಗಲಿನ ಮೇಲಿಂದ ಮೂಟೆ ಇಳಿಸಿದವನ ಹಾಗೆ ಕುರ್ಚಿಗೆ ಒರಗಿದೆ. ಬೆಂಡಿನ ಕಡೆ ನೋಡುವುದನ್ನೂ ಮರೆತು ಗಿರಾಕಿಗೆ ಫೋನ್ ಮಾಡಿದೆ.

ನಿವೃತ್ತಿಗೆ ಇನ್ನೂ ಕೆಲವು ತಿಂಗಳಿರುವಾಗಲೇ ಸಾಮಾನು ಸಾಗಿಸಿದೆವು. ನಾನು ವಾರದ ದಿನಗಳಲ್ಲಿ ಕಮ್ಮನಹಳ್ಳಿಯ ಅಕ್ಕನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ, ಶನಿವಾರ ನೀರಿಗೆ ಓಡುತ್ತಿದ್ದೆ. ಮೂಟೆ ಕಟ್ಟುವಾಗ ಈ ಸಲ ಹೆಂಡತಿ ಗೊಣಗಲಿಲ್ಲ. ಸಾಹೇಬರು ಒಮ್ಮೆ ಬಂದು ಎರಡು ದಿನ ಇದ್ದು, ತಮ್ಮ ಮಸಾಲೆ ಕೋಳಿಗಳಿಗೆ ಅಷ್ಟೊಂದು ಹಿಡಿಸಿದ್ದು ಕೇಳಿ ಸ್ವಲ್ಪ ಮುಖ ಸಣ್ಣದು ಮಾಡಿಕೊಂಡರು. "ಮೀನು ತಿನ್ಲಿಲ್ಲ ಅಂತ ಅಲ್ಲ ಸಾಬ್, ಮೀನಿಗೆ ಸಿಗಲೇ ಇಲ್ಲ," ಎಂದು ತಿದ್ದಿದರು. ಅದು ಸರಿಯಾದ ತರ್ಕ.

ಮೇ ತಿಂಗಳಲ್ಲಿ ಜಲಾಶಯ ಬಹಳ ಇಳಿಯಿತು. ಒಂದು ಬೆಳಗ್ಗೆ ಕುರ್ಚಿ ಹೊತ್ತುಕೊಂಡು ನೀರನ್ನು ಹುಡುಕುತ್ತ ಹೋದವನಿಗೆ ಕಾಲಿನ ಕೆಳಗಿನ ಕೆಸರು ಇದ್ದಕ್ಕಿದ್ದಂತೆ ಗಟ್ಟಿಯಾಯಿತು. ಹಿಮ್ಮಡಿಯಿಂದ ಕೆರೆದು ನೋಡಿದೆ. ಸಂಜೆ ಅಕ್ಕನಿಗೆ ಫೋನ್ ಮಾಡಿದೆ.

"ರಸ್ತೆ ಇದ್ರೆ ಇರ್ಲಿ," ಎಂದಳು ಅವಳು. "ಮೀನು ಮಾತ್ರ ಮಾರ್ಕೆಟ್‌ದೇ."

ಇರಬಹುದು. ಆ ವಿಷಯದಲ್ಲಿ ನನ್ನಲ್ಲಿ ಯಾವ ಪುರಾವೆಯೂ ಇಲ್ಲ, ಬೇಕಾಗಿಯೂ ಇಲ್ಲ. ಮರುದಿನ ಹೆಂಡತಿಯನ್ನು ಕರೆದುಕೊಂಡು ಹೋಗಿ, ಇಬ್ಬರೂ ಬರಿಗಾಲಿನಲ್ಲಿ ನಡೆದು ನೋಡಿದೆವು: ಅಲ್ಲೊಂದು ಹಳೆಯ ಡಾಂಬರು ರಸ್ತೆ ಇದೆ, ಅದರ ಅಂಚಿಗೆ ಇಬ್ಬರು ಕೂರುವಷ್ಟು ಅಗಲದ ಮೋರಿಕಟ್ಟೆ ಇದೆ, ಮತ್ತು ಆ ರಸ್ತೆ ನೇರವಾಗಿ ನೀರಿಗಿಳಿಯುತ್ತದೆ.