ಚಿಕ್ಕಮ್ಮನ ಕಾಗದದ ಹಕ್ಕಿಗಳು

ಮೊನ್ನೆ ಶಿವಮೊಗ್ಗದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಪಕ್ಕದ ಗೋಡೆಗೆ ಒಬ್ಬಾತ ಪೋಸ್ಟರ್ ಅಂಟಿಸುತ್ತಿದ್ದ. ಅವನ ಬಕೆಟ್ಟಿನಲ್ಲಿ ಮೈದಾ ಹಿಟ್ಟಿನ ಗೋಂದು ಇನ್ನೂ ಬೆಚ್ಚಗಿತ್ತು. ಬೆಂದ ಹಿಟ್ಟಿನ ಆ ಸಪ್ಪೆ ವಾಸನೆ, ಅದರೊಳಗೆ ಎಳೆಯಷ್ಟು ಹುಳಿ. ನಾನು ಹತ್ತಬೇಕಿದ್ದ ಬಸ್ಸು ಬಂದು ಹೋಯಿತು. ನಾನಾದರೋ ಅರವತ್ತು ವರ್ಷ ಹಿಂದಕ್ಕೆ, ಭದ್ರಾವತಿಯ ಜನ್ನಾಪುರದಲ್ಲಿದ್ದ ನಮ್ಮ ಮನೆಯ ಹಿತ್ತಿಲಿಗೆ ಹೋಗಿಬಿಟ್ಟಿದ್ದೆ. ಅಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಇಂಥದೇ ಗೋಂದು ಕುದಿಯುತ್ತಿತ್ತು, ಒಂಬತ್ತು ವರ್ಷದ ನಾನು ಕುಕ್ಕರುಗಾಲಲ್ಲಿ ಕೂತು ಅದನ್ನು ಕೋಲಿನಿಂದ ತಿರುವುತ್ತಿದ್ದೆ, "ತಳ ಹಿಡೀತದೆ, ಕೈ ನಿಲ್ಲಿಸಬೇಡ್ವೇ" ಎಂದು ಚಿಕ್ಕಮ್ಮ ಒಳಗಿನಿಂದ ಕೂಗುತ್ತಿದ್ದಳು. ಇಂಥ ಮನೆ ನಿಮಗೂ ಒಂದು ಇದ್ದಿರಬೇಕು. ಇದ್ದಿದ್ದರೆ ನಾನು ಹೇಳುವುದು ನಿಮಗೆ ಅರ್ಥವಾಗುತ್ತದೆ.

ಲಲಿತಚಿಕ್ಕಮ್ಮ ಅಮ್ಮನ ತಂಗಿ. ಆಗಿನ್ನೂ ಅವಳಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ದಾವಣಗೆರೆಯ ಕಡೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ತವರಿನಲ್ಲಿ ಯಾರೂ ಉಳಿದಿರಲಿಲ್ಲವಾದ್ದರಿಂದ ಒಂದು ಯುಗಾದಿ ಕಳೆದ ಮೇಲೆ ಅವಳು ತಗಡಿನ ಟ್ರಂಕು ಹಿಡಿದು ನಮ್ಮ ಮನೆಗೆ ಬಂದಳು. ಅಪ್ಪ ಕಾರ್ಖಾನೆಗೆ ಹೋಗುತ್ತಿದ್ದರು. ನಮ್ಮದು ಎರಡು ಕೋಣೆಯ ಹೆಂಚಿನ ಮನೆ, ಹಿಂದೆ ಒಂದಿಷ್ಟು ಹಿತ್ತಿಲು. ಚಿಕ್ಕಮ್ಮ ಬಂದ ಮೇಲೆ ಬೀದಿ ಬಾಗಿಲಿಗೆ ಬರುವುದನ್ನೇ ಬಿಟ್ಟಳು. ನೀರು ತರಲು ಹೋದರೆ ಹೆಂಗಸರು ಕೇಳುತ್ತಾರೆ, ಅಂಗಡಿಗೆ ಹೋದರೆ ಅಂಗಡಿಯವರು ಕೇಳುತ್ತಾರೆ. ಅಡುಗೆಮನೆ, ಹಿತ್ತಿಲು, ಇಷ್ಟೇ ಅವಳ ಪ್ರಪಂಚವಾಯಿತು. ಇಡೀ ದಿನಕ್ಕೆ ಅವಳ ಬಾಯಿಂದ ಹತ್ತು ಮಾತು ಹೊರಟರೆ ಹೆಚ್ಚು.

ಒಂದು ದಿನ ಅಮ್ಮ ಹಳೆಯ ಮೊರಕ್ಕೆ ಬಳಿಯಲೆಂದು ಕಾಗದ ನೆನೆಹಾಕಿದ್ದಳು. ಆಗೆಲ್ಲ ಹರಿದ ಕಾಗದವನ್ನು ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಆ ಮುದ್ದೆಯನ್ನು ಮೊರ, ಬುಟ್ಟಿಗಳ ಸಂದಿಗೆ ಮೆತ್ತಿ ಒಣಗಿಸುತ್ತಿದ್ದರು. ರುಬ್ಬಿದ್ದೂ ಬಳಿದದ್ದೂ ಚಿಕ್ಕಮ್ಮನೇ. ಕೊನೆಗೆ ಮಿಕ್ಕ ಒಂದು ಹಿಡಿ ಮುದ್ದೆಯನ್ನು ಕೈಯಲ್ಲಿ ಒತ್ತುತ್ತ ಕೂತಿದ್ದವಳು, ಏಳುವಾಗ ಅದನ್ನು ಕಿಟಕಿಯ ಮೇಲಿಟ್ಟು ಹೋದಳು. ನೋಡಿದರೆ ಗುಬ್ಬಿ! ಕತ್ತು ಒಂದಿಷ್ಟು ವಾರೆ ಮಾಡಿ, ಅಕ್ಕಿ ಕಾಳು ಕಂಡಂತೆ ಕೂತಿತ್ತು.

ಅದನ್ನು ಮೊದಲು ಕಂಡದ್ದು ಬೇಲಿಯಾಚೆಯ ಮೆಹರೂನ್ ಆಪಾ. ಅವರ ಯಜಮಾನರು ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್ಕು. ಆಪಾ ದಪ್ಪ ಮೈಯವರು, ನಗುವಾಗ ಬೇಲಿಯ ಗೂಟ ಹಿಡಿದುಕೊಂಡೇ ನಗುವವರು.

"ಅರೆ, ಚಿಡಿಯಾ! ಯಾರು ಮಾಡಿದ್ದು ಇದು?"

"ಸುಮ್ನೆ ಮಾಡ್ದೆ ಆಪಾ," ಎಂದಳು ಚಿಕ್ಕಮ್ಮ.

"ಸುಮ್ನೆ ಮಾಡಿದ್ದೇ ಹಿಂಗಿದ್ರೆ, ಮನಸ್ಸಿಟ್ಟು ಮಾಡಿದ್ರೆ ಹಾರೇ ಹೋಗ್ತದಲ್ಲ ಮಾರಾಯ್ತಿ!"

ನಮ್ಮ ಮನೆಗೆ ಬಂದ ಮೇಲೆ ಚಿಕ್ಕಮ್ಮ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಂದ ನಮ್ಮ ಮನೆ ಹಕ್ಕಿಗಳ ಮನೆಯಾಯಿತು. ಯಾವುದಕ್ಕೂ ದುಡ್ಡು ಬೇಕಿರಲಿಲ್ಲ, ಊರು ಎಸೆದದ್ದೆಲ್ಲ ನಮಗೆ ಬೇಕಿತ್ತು. ಹಳೆಯ ಪೇಪರು, ಸಿಮೆಂಟಿನ ಚೀಲದ ಕಾಗದ, ಒಡೆದ ಬಳೆ, ತೆಂಗಿನ ಕರಟ. ಕಾಗದ ಮೆತ್ತಲು ಗೋಂದು ಕುದಿಸುವುದು ನನ್ನ ಕೆಲಸ. ಬಟ್ಟೆಗೆ ಹಾಕುವ ನೀಲಿಗೆ ಅರಿಶಿನ ಕಲೆಸಿದರೆ ಗಿಳಿಯ ಹಸಿರು ಬರುತ್ತದೆಂದು ಕಂಡುಹಿಡಿದ ದಿನ ಚಿಕ್ಕಮ್ಮ, ನಾನು ಇಬ್ಬರೂ ಮೊಣಕೈವರೆಗೆ ಹಸಿರಾಗಿದ್ದೆವು. ಕೆಮ್ಮಣ್ಣಿನಿಂದ ಕೆಂಬೂತದ ರೆಕ್ಕೆ, ದೀಪದ ಮಸಿಯಿಂದ ಕಾಗೆ. ಅಮ್ಮನ ಹರಿದ ಸೀರೆಯ ಅಂಚಿನಲ್ಲಿ ಪುಟ್ಟ ಪುಟ್ಟ ಗಿಳಿ ಹೊಲಿದು, ಬೂರುಗದ ಹತ್ತಿ ತುಂಬಿ, ನಡುವೆ ಬಳೆಚೂರು ಪೋಣಿಸಿ ಬಾಗಿಲಿಗೆ ತೋರಣ ಕಟ್ಟಿದಳು. ಮೆಹರೂನ್ ಆಪಾ ಗಂಡನನ್ನು ಕಾಡಿ ಬೇಡಿ ಎಣ್ಣೆ ಡಬ್ಬದ ತಗಡನ್ನು ಕೊಕ್ಕರೆಯ ಆಕಾರಕ್ಕೆ ಕತ್ತರಿಸಿ ತಂದರು, ಲಾರಿಗೆ ಬಳಿದು ಡಬ್ಬದ ತಳದಲ್ಲಿ ಉಳಿದ ಬಿಳಿ ಬಣ್ಣವನ್ನೂ ತಂದರು. ಆ ಕೊಕ್ಕರೆಯನ್ನು ಅವರೆ ಚಪ್ಪರದ ಗಳಕ್ಕೆ ಸಿಕ್ಕಿಸಿದೆವು. ಗಾಳಿ ಬೀಸಿದಾಗ ಅದು ಕಿರ್ರೆಂದು ತಿರುಗುತ್ತಿತ್ತು. ಸೋರೆಬುರುಡೆಗೆ ತೂತು ಕೊರೆದು ಸೂರಿಗೆ ನೇತುಹಾಕಿದರೆ ಎಂಟೇ ದಿನದಲ್ಲಿ ನಿಜವಾದ ಗುಬ್ಬಿಗಳೇ ಬಂದು ಸಂಸಾರ ಹೂಡಿದವು. ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬಂದರೆ ಕಾಫಿ ಲೋಟ ಹಿಡಿದು ಒಂದೊಂದೇ ಹಕ್ಕಿಯನ್ನು ನೋಡುತ್ತ ಹಿತ್ತಿಲು ಸುತ್ತುತ್ತಿದ್ದರು. ಆದರೆ ಒಳಗೆ ಅಮ್ಮನ ಹತ್ತಿರ, "ಎಷ್ಟಂದ್ರೂ ಗಂಡನ ಮನೇನೇ ಅವಳ ಮನೆ. ನಾಳೆ ನಾವಿಲ್ದೇ ಹೋದ್ರೆ ಅವಳಿಗ್ಯಾರು?" ಎನ್ನುತ್ತಿದ್ದರು. ಅಪ್ಪನಿಗೆ ಅವಳು ಭಾರವಾಗಿರಲಿಲ್ಲ, ಅವಳ ಬಗ್ಗೆ ಭಯವಿತ್ತು. ಆಗ ನನಗೆ ಅದು ತಿಳಿಯುತ್ತಿರಲಿಲ್ಲ.

ಮುಂದಿನದಕ್ಕೆ ಕಾರಣಳಾದವಳು ನಾನು. ಶಾಲೆಯಲ್ಲಿ ಒಬ್ಬಳು ಎಲ್ಲರೆದುರು, "ನಿಮ್ಮನೇಲಿ ಗಂಡ ಬಿಟ್ಟೋಳು ಇದ್ದಾಳಂತಲ್ಲೇ" ಎಂದಳು. ನನಗೆ ಕಿವಿಯೆಲ್ಲ ಬಿಸಿಯಾಯಿತು. ಮಾರನೆಯ ದಿನ ಚಿಕ್ಕಮ್ಮ ಹದಿನೈದು ದಿನ ಕೂತು ಮಾಡಿದ್ದ ಮಿಂಚುಳ್ಳಿಯನ್ನು ಹೇಳದೆ ಕೇಳದೆ ಚೀಲಕ್ಕೆ ಹಾಕಿಕೊಂಡು ಹೋದೆ. ಬಿದಿರಿನ ಉದ್ದ ಕೊಕ್ಕು, ನೀಲಿ ಬೆನ್ನು, ಅರಿಶಿನ ಕೆಮ್ಮಣ್ಣು ಸೇರಿದ ಎದೆ. ಡೆಸ್ಕಿನ ಮೇಲಿಟ್ಟು, "ನಮ್ಮ ಚಿಕ್ಕಮ್ಮ ಮಾಡಿದ್ದು. ನಿಮ್ಮಮ್ಮನಿಗೆ ಬರುತ್ತಾ?" ಎಂದು ಕೇಳಿದೆ. ಗಲಾಟೆ ಕೇಳಿ ಹೆಡ್‌ಮೇಡಂ ಬಂದರು. ಮಿಂಚುಳ್ಳಿಯನ್ನು ತಿರುಗಿಸಿ ತಿರುಗಿಸಿ ನೋಡಿ, ತೆಗೆದುಕೊಂಡೇ ಹೋದರು. "ಮಾಡಿದೋರನ್ನ ಕಳಿಸು. ಅವರ ಕೈಗೇ ಕೊಡ್ತೀನಿ."

ಚಿಕ್ಕಮ್ಮ ನನ್ನನ್ನು ಬೈಯಲಿಲ್ಲ. "ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ?" ಎಂದವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಪೆಟ್ಟು ಬಿದ್ದಿದ್ದರೇ ವಾಸಿಯಿತ್ತು. ಮೂರನೆಯ ದಿನ ಬೆಳಗ್ಗೆ ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದು ಉಟ್ಟು, ನನ್ನ ಕೈ ಹಿಡಿದು ಬೀದಿಗೆ ಇಳಿದಳು. ವರ್ಷದ ಮೇಲಾಗಿತ್ತು ಅವಳು ಆ ರಸ್ತೆಯಲ್ಲಿ ನಡೆದು. ಅವಳ ಅಂಗೈ ಬೆವರಿದ್ದು ನನಗೆ ಗೊತ್ತಾಗುತ್ತಿತ್ತು.

ಹೆಡ್‌ಮೇಡಂ ಅವಳನ್ನು ಕೂರಿಸಿ, ವಾರಕ್ಕೆ ಎರಡು ದಿನ ಬಂದು ಹೆಣ್ಣುಮಕ್ಕಳಿಗೆ ಈ ಕೆಲಸ ಹೇಳಿಕೊಡುತ್ತೀರಾ ಎಂದು ಕೇಳಿದರು. ಚಿಕ್ಕಮ್ಮ ತಲೆ ತಗ್ಗಿಸಿ, "ನಾನು ಓದಿದ್ದು ಏಳನೇ ಕ್ಲಾಸು ಮೇಡಂ," ಎಂದಳು.

ಅವರು ಮೇಜಿನ ಮೇಲಿದ್ದ ಮಿಂಚುಳ್ಳಿಯನ್ನು ಅವಳ ಕಡೆ ಸರಿಸಿದರು. "ಇದು ಎಷ್ಟನೇ ಕ್ಲಾಸು ಓದಿದೆ?"

ಸೋಮವಾರದಿಂದ ಬರುವುದೆಂದು ಮಾತಾಯಿತು. ಆದರೆ ಅದಕ್ಕೆ ಮೊದಲೇ, ಭಾನುವಾರ ಮಧ್ಯಾಹ್ನ, ದಾವಣಗೆರೆಯಿಂದ ಅವಳ ಗಂಡ ತನ್ನ ದೊಡ್ಡಪ್ಪನನ್ನು ಕರೆದುಕೊಂಡು ಬಂದ. ನಾನು ರಾಕ್ಷಸನಂಥವನನ್ನು ಊಹಿಸಿದ್ದೆ. ನೋಡಿದರೆ ಪೀಚಲು ಮನುಷ್ಯ, ಚಾಪೆಯ ತುದಿಯಲ್ಲಿ ಕೂತು ಅಂಗಿಯ ಗುಂಡಿ ತಿರುವುತ್ತಿದ್ದ. ಮಾತೆಲ್ಲ ದೊಡ್ಡಪ್ಪನದೇ. ಎರಡನೆಯವಳಿಗೆ ದಿನ ತುಂಬಿದೆ, ಮನೆಯಲ್ಲಿ ಬಾಣಂತನ ಮಾಡುವ ಹೆಂಗಸರಿಲ್ಲ, ಆದದ್ದಾಯಿತು, ಲಲಿತಾ ಬಂದು ಹಿರಿಯಳಾಗಿ ಇರಲಿ.

ಅಪ್ಪ ಅಡುಗೆಮನೆಯ ಕಡೆ ತಿರುಗಿ, "ಲಲಿತಾ, ನೀನೇನಂತೀಯಮ್ಮ?" ಎಂದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಅಪ್ಪನನ್ನೇ ನೋಡಿ ಹೇಳಿದಳು: "ಭಾವ, ನೀವು ಹೋಗು ಅಂದ್ರೆ ಹೋಗ್ತೀನಿ. ನಿಮ್ಮ ಅನ್ನ ಉಂಡಿದೀನಿ, ನಿಮ್ಮ ಮಾತು ಮೀರಲ್ಲ. ಆದ್ರೆ ನನ್ನ ಕೇಳಿದ್ರೆ, ನಾನು ಹೋಗಲ್ಲ."

ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಹಿತ್ತಿಲಲ್ಲಿ ಕೊಕ್ಕರೆ ಒಂದು ಸಲ ಕಿರ್ರೆಂದು ತಿರುಗಿತು. ಇವಳು ಹೊರಟುಹೋಗುತ್ತಾಳೆ, ನಾನು ಮಿಂಚುಳ್ಳಿ ಕದ್ದದ್ದಕ್ಕೆ ದೇವರು ಹೀಗೆ ಮಾಡುತ್ತಿದ್ದಾನೆ ಎಂದು ನನಗೆ ಅಳು ಒತ್ತರಿಸಿಕೊಂಡು ಬಂತು.

ಅಪ್ಪ ಹಣೆಯ ವಿಭೂತಿ ಅಳಿಸಿಹೋಗುವಂತೆ ಮುಖ ಒರೆಸಿಕೊಂಡರು. "ನಾಳೆ ನಿನ್ ಕ್ಲಾಸು ಎಷ್ಟು ಗಂಟೆಗೆ?"

"ಹನ್ನೊಂದಕ್ಕೆ, ಭಾವ."

"ಹಂಗಾದ್ರೆ ಇವರಿಗೆ ಕಾಫಿ ಕೊಡು. ಬಸ್ಸಿಗೆ ಹೊತ್ತಾಗ್ತದೆ."

ಅಷ್ಟೇ. ದೊಡ್ಡಪ್ಪ ಏನೇನೋ ಕೂಗಾಡಿದ. ಗಂಡ ಮಾತ್ರ ಕಾಫಿ ಕುಡಿದು, ಲೋಟವನ್ನು ತಾನೇ ಬಚ್ಚಲಿಗೆ ಇಟ್ಟು, ಬಾಗಿಲ ತೋರಣಕ್ಕೆ ತಲೆ ತಾಗದಂತೆ ಬಗ್ಗಿ ಹೊರಗೆ ಹೋದ.

ಮುಂದೆ ಎಲ್ಲ ನಿಧಾನವಾಗಿ ಒಳ್ಳೆಯದೇ ಆಯಿತು. ಎರಡು ವರ್ಷಕ್ಕೆ ಚಿಕ್ಕಮ್ಮ ಪರೀಕ್ಷೆ ಕಟ್ಟಿ ಪಾಸಾಗಿ, ಶಿವಮೊಗ್ಗದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕ್ರಾಫ್ಟ್ ಟೀಚರಾದಳು. ಅಲ್ಲಿನ ಹೊಸಮನೆ ಬಡಾವಣೆಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದಳು. ಅವಳನ್ನು ಬಿಟ್ಟುಬರಲು ಅಪ್ಪ ರಜ ಹಾಕಿ, ಟ್ರಂಕನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಕಾಲೇಜಿಗೆಂದು ಹೋದ ನಾನು ನಾಲ್ಕು ವರ್ಷ ಅವಳೊಡನೆ ಆ ಕೋಣೆಯಲ್ಲಿದ್ದೆ. ರಾಗಿಗುಡ್ಡದ ಕಡೆಗೆ ಸಂಜೆ ನಡೆದು ಹೋದರೆ, ದಾರಿಯಲ್ಲಿ ಯಾವುದೋ ಹುಡುಗಿ ಓಡಿ ಬಂದು, "ಟೀಚರ್, ನಮ್ಮ ಬುರುಡೇಲಿ ಗುಬ್ಬಿ ಮರಿ ಮಾಡಿದೆ" ಎಂದು ಹೇಳುತ್ತಿದ್ದಳು. ಚಿಕ್ಕಮ್ಮ ನಿಂತು, ಎಷ್ಟು ಮರಿ, ರೆಕ್ಕೆ ಬಂದಿದೆಯಾ, ಬೆಕ್ಕು ಹತ್ತದಂತೆ ಕಟ್ಟಿದ್ದೀಯಾ ಎಂದು ಪೂರ್ತಿ ವಿಚಾರಿಸಿಯೇ ಮುಂದೆ ಹೋಗುತ್ತಿದ್ದಳು.

ಆ ಮನೆಯವರು ಒಬ್ಬೊಬ್ಬರಾಗಿ ಹೋದರು. ಮೊದಲು ಅಪ್ಪ, ಆಮೇಲೆ ಅಮ್ಮ. ಜನ್ನಾಪುರದ ಮನೆ ಇದ್ದ ಜಾಗದಲ್ಲಿ ಈಗ ಎರಡಂತಸ್ತಿನ ಕಟ್ಟಡವಿದೆ, ಹಿತ್ತಿಲು ಎಲ್ಲಿತ್ತೆಂದು ನನಗೂ ತೋರಿಸಲಾಗದು. ಚಿಕ್ಕಮ್ಮ ಎಪ್ಪತ್ತು ದಾಟಿ, ಒಂದು ಬೆಳಗ್ಗೆ ಕಾಫಿ ಕುಡಿದು ಮಲಗಿದವಳು ಏಳಲಿಲ್ಲ. ಮೆಹರೂನ್ ಆಪಾ ಆಗ ಬಹಳ ಮುದುಕಿ. ಮೊಮ್ಮಗಳ ಕೈ ಹಿಡಿದು ಬಸ್ಸಿನಲ್ಲಿ ಭದ್ರಾವತಿಯಿಂದ ಬಂದರು. ಚಾಪೆಯ ಪಕ್ಕ ಕಷ್ಟಪಟ್ಟು ಕೂತು, ಚಿಕ್ಕಮ್ಮನ ಎರಡೂ ಕೈಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ನೇವರಿಸಿದರು.

"ನೋಡು ಬೇಟಿ," ಎಂದರು ನನಗೆ, "ಈ ಕೈ ಸುಮ್ನೆ ಇದ್ದಿದ್ದು ನಾನು ಇವತ್ತೇ ನೋಡಿದ್ದು."

ನಾನು ಅವರ ಪಕ್ಕ ಕೂತೆ. ಹೊರಗೆ ಅವಳ ಹಳೆಯ ವಿದ್ಯಾರ್ಥಿನಿಯರು ಬರತೊಡಗಿದ್ದರು, ಕೆಲವರು ತಮ್ಮ ಮೊಮ್ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು.